ಹದಿನಾಲ್ಕಕ್ಕೆ ಏಳು

3 ಫೆಬ್ರವರಿ 1964, ಸೋಮವಾರ. ಹಿರೇಕೆರೂರು

ಯಂತ್ರ ಕೊನೆಗೂ ಬಂತು. ಹಾವೇರಿಯಿಂದ ಬಸ್ಸಿನಲ್ಲಿ, ಹೊಳಬಸಪ್ಪನ ತೊಡೆಯ ಮೇಲೆ ಕುಳಿತು ಬಂತು. ಸರಕಾರಿ ದವಾಖಾನೆಯ ಈ ಜವಾನನಿಗೆ ಐವತ್ತೈದು ದಾಟಿದೆ. ಸ್ವಂತ ಮಕ್ಕಳನ್ನೂ ಅವನು ಅಷ್ಟು ಜೋಪಾನವಾಗಿ ಹಿಡಿದಿರಲಾರ.

ಮರದ ಪೆಟ್ಟಿಗೆ, ಒಳಗೆ ನೀಲಿ ಮಖಮಲ್ಲು, ಗಡಿಯಾರದಂಥ ಮುಖದ ಮೇಲೆ ಒಂದೇ ಮುಳ್ಳು. ಪಕ್ಕದಲ್ಲಿ ಗಾಜಿನ ಎಲೆಕ್ಟ್ರೋಡು. ಅದರ ತುದಿಗೆ ಗೋಲಿಗಿಂತ ಚಿಕ್ಕ ಗುಳ್ಳೆ, ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳು. ಅದನ್ನು ನೀರಿಗೆ ಅದ್ದಿದರೆ ಕಣ್ಣಿಗೆ ಕಾಣದಷ್ಟು ವಿದ್ಯುತ್ತು ಹುಟ್ಟಿ ಮುಳ್ಳನ್ನು ಓಡಿಸುತ್ತದೆ. ಸೊನ್ನೆಯಿಂದ ಹದಿನಾಲ್ಕರವರೆಗೆ ಅಂಕಿ. ಏಳಕ್ಕಿಂತ ಕೆಳಗೆ ಹುಳಿ, ಮೇಲೆ ಸವಳು. ಸರಿಯಾಗಿ ಏಳು ಎಂದರೆ ಎರಡೂ ಅಲ್ಲದ, ನಿಷ್ಪಕ್ಷಪಾತಿ ನೀರು.

ತಾಲೂಕಿನ ನಲವತ್ತು ಕುಡಿಯುವ ಬಾವಿಗಳನ್ನು ಪರೀಕ್ಷಿಸಲು ಹೈಸ್ಕೂಲಿನಿಂದ ನನ್ನನ್ನು ಎರವಲು ಪಡೆದಿದ್ದಾರೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಆದವರು ಇಲ್ಲಿ ನಾನೊಬ್ಬಳೇ. ಕೆಲಸ ಬೇಗ ಮುಗಿದರೆ ಧಾರವಾಡದ ಪ್ರಯೋಗಾಲಯದಲ್ಲಿ ಒಂದು ಜಾಗ ಕೊಡುತ್ತಾರಂತೆ. ಹದಿನೆಂಟು ವರ್ಷ ಗಣಿತ, ವಿಜ್ಞಾನ ಕಲಿಸಿ, ನಲವತ್ತೇಳನೆಯ ವಯಸ್ಸಿಗೆ ನನಗೆ ತಕ್ಕ ಕೆಲಸ ಸಿಕ್ಕಿದೆ. ಬಾವಿಗಳು ಅಳುವುದಿಲ್ಲ. ಬಾವಿಗಳ ಅಪ್ಪಂದಿರು ಮನೆಗೆ ಬರುವುದಿಲ್ಲ.

10 ಫೆಬ್ರವರಿ, ಸೋಮವಾರ

ಇಂದು ಮೂರು ಬಾವಿ. ಹೊಳಬಸಪ್ಪ ನೀರು ಸೇದುತ್ತಾನೆ, ನಾನು ಗುಳ್ಳೆ ತೊಳೆದು ಅದ್ದುತ್ತೇನೆ, ಮುಳ್ಳು ನಿಂತ ಮೇಲೆ ಅವನು ಓದುತ್ತಾನೆ. ಓದುವುದು ಎಂದರೆ ಹರಾಜು ಕೂಗಿದ ಹಾಗೆ.

“ಏಳು ಪಾಯಿಂಟ್ ಮೂರೂ!”

“ಮೆಲ್ಲಕ ಹೇಳ್ರಿ ಹೊಳಬಸಪ್ಪ. ಬರಕೊಳ್ಳಾಕಿ ನಾನು.”

“ಮೆಲ್ಲಕ ಹೇಳಿದ್ರ ಏನೋ ಮುಚ್ಚಾಕತ್ತಾರ ಅಂತಾರ್ರಿ ಅಕ್ಕಾರ. ಸರಕಾರದ ಕೆಲಸ, ಬಾಯಿ ಬಿಟ್ಟು ಮಾಡಬೇಕು.”

ಶಾಲೆ ಬಿಟ್ಟರೂ ನಾನು ಎಲ್ಲರಿಗೂ ಅಕ್ಕಾರೇ. ಕೊಡ ಹೊತ್ತ ಹೆಂಗಸೊಬ್ಬಳು “ಎಷ್ಟಕ್ಕ ಏಳ್ರಿ ಅಕ್ಕಾರ?” ಎಂದು ಕೇಳಿದಳು. “ಹದಿನಾಲ್ಕಕ್ಕ” ಎಂದೆ. ಹಳ್ಳಿಯ ಜನಕ್ಕೆ ಇಂಥ ವೈಜ್ಞಾನಿಕ ಕುತೂಹಲ ಇರುವುದು ಕಂಡು ಸಂತೋಷವಾಯಿತು.

19 ಫೆಬ್ರವರಿ, ಬುಧವಾರ

ಕೆಂಚಿಕೊಪ್ಪ. ಈ ದಿನವನ್ನು ಮರೆಯಲಾರೆ. ಮುಳ್ಳು ಏಳಕ್ಕೆ ಬಂದು ನಿಂತಿತು. ಕೂದಲೆಳೆ ಅತ್ತ ಇಲ್ಲ, ಇತ್ತ ಇಲ್ಲ. ಒಳ್ಳೆಯ ಕವಿತೆಯ ಕೊನೆಯ ಸಾಲು ಹೀಗೆಯೇ ನಿಲ್ಲುತ್ತದೆ. ಎರಡು ಸಲ ತೊಳೆದು ನೋಡಿದೆ, ಮತ್ತೆ ಏಳು.

ಬಾವಿ ತೋಡಿಸಿದ್ದು ಅಲ್ಲಿಯ ಹತ್ತಿ ವ್ಯಾಪಾರಿ ಕುಬೇರಪ್ಪನವರ ತಂದೆ. ಕುಬೇರಪ್ಪನವರು ಮಡಿ ಧೋತರ ಉಟ್ಟು ಬಂದು ನಿಂತಿದ್ದರು. ನಾನು ನಗುತ್ತಾ “ಸರಿಯಾಗಿ ಏಳು!” ಎಂದೆ.

“ಬರೇ ಏಳೇನ್ರಿ?”

“ಒಂದು ಗುಂಜಿನೂ ಹೆಚ್ಚಿಲ್ಲ.”

ಅವರ ಕಣ್ಣಲ್ಲಿ ನೀರು ಬಂತು. ತಿರುಗಿ ಮನೆಗೆ ನಡೆದರು. ತಂದೆಯ ನೆನಪಾಗಿರಬೇಕು. ಎಂಥ ಭಾವುಕ ಮನುಷ್ಯ.

21 ಫೆಬ್ರವರಿ, ಶುಕ್ರವಾರ

ಬನ್ನಿಹಾಳ. 9.1. ಈವರೆಗೆ ಕಂಡದ್ದರಲ್ಲೇ ಅತ್ಯಂತ ಕೆಟ್ಟ ನೀರು. ಕಟ್ಟೆಯ ಕಲ್ಲಿಗೆ ಬಿಳಿಯ ಸವಳು ಹಿಡಿದಿದೆ. ಅಲ್ಲಿಯ ಚಹಾ ಕುಡಿದರೆ ಸಾಬೂನು ನೆಕ್ಕಿದಂತೆ. ಹೇಗೆ ಹೇಳುವುದು ಎಂದು ಯೋಚಿಸುವಷ್ಟರಲ್ಲಿ ಹೊಳಬಸಪ್ಪ ಕೂಗಿಬಿಟ್ಟಿದ್ದ.

ಊರು ಕುಣಿಯಿತು. ಯಾರೋ ಹಲಗೆ ಬಾರಿಸಿದರು. ಊರ ಹಿರಿಯ ಕರಬಸಪ್ಪನವರು ನನಗೆ ಕಾಯಿ ಬೆಲ್ಲ ಕೊಟ್ಟು, ಹೊಳಬಸಪ್ಪನಿಗೆ ಹಾರ ಹಾಕಿದರು. ಕೆಟ್ಟ ಸುದ್ದಿಯನ್ನು ಇಷ್ಟು ಧೈರ್ಯದಿಂದ ಸ್ವೀಕರಿಸುವ ಜನರನ್ನು ನಾನು ನೋಡಿಯೇ ಇಲ್ಲ.

27 ಫೆಬ್ರವರಿ, ಗುರುವಾರ

ಬಾವಿಗಳ ಅಪ್ಪಂದಿರೂ ಮನೆಗೆ ಬರುತ್ತಾರೆ.

ಕುಬೇರಪ್ಪನವರು ಹಿತ್ತಾಳೆಯ ಬಿಂದಿಗೆ ಹಿಡಿದು ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಅಕ್ಕಾರ, ಇನ್ನೊಮ್ಮೆ ಪರೀಕ್ಷಾ ತಗೋರಿ.”

“ಯಾಕ್ರಿ? ನಿಮ್ಮ ನೀರು ಚಲೋ ಐತಿ.”

“ಹದಿನಾಲ್ಕಕ್ಕ ಏಳು ಕೊಟ್ಟು ಚಲೋ ಅಂತೀರಿ? ಅರ್ಧಾ ಮಾರ್ಕು! ಬನ್ನಿಹಾಳಕ್ಕ ಒಂಬತ್ತರ ಮ್ಯಾಲ. ಅವರೇನು ಬಾವಿಗೆ ಮನಿಪಾಠ ಹೇಳಿಸ್ಯಾರೇನು?”

ಆಗ ತಿಳಿಯಿತು. ಇಡೀ ತಾಲೂಕು ಇದನ್ನು ಮಾರ್ಕ್ಸ್ ಎಂದುಕೊಂಡಿದೆ. ನಾನು ಒಂದು ತಾಸು ಆಮ್ಲ, ಕ್ಷಾರ, ಜಲಜನಕದ ಅಯಾನು ಎಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

“ನನ್ನ ಮಗಳು ವೀರವ್ವಗ ನೀವು ಗಣಿತದಾಗ ಮೂವತ್ನಾಕು ಕೊಟ್ರಿ. ಪಾಸಿಗೆ ಮೂವತ್ತೈದು. ಒಂದು ಮಾರ್ಕ್ ಕೇಳಾಕ ಬಂದಾಗ್ಲೂ ಹಿಂಗ ಒಂದು ತಾಸು ಹೇಳಿದ್ರಿ.”

ವಿಷಯ ಬರಿಯ ಮರ್ಯಾದೆಯದಲ್ಲ. ವೀರವ್ವನಿಗೆ ಬನ್ನಿಹಾಳದ ಕರಬಸಪ್ಪನವರ ಮಗ ಉಳಿವೆಪ್ಪನನ್ನು ಗೊತ್ತು ಮಾಡಿದ್ದಾರೆ. ಬರುವ ವಾರ ನಿಶ್ಚಯ ಇತ್ತು. ಈಗ ಕರಬಸಪ್ಪನವರು ಹೇಳಿ ಕಳಿಸಿದ್ದಾರಂತೆ: ಅರ್ಧ ಮಾರ್ಕಿನ ನೀರು ಕುಡಿದು ಬೆಳೆದ ಸೊಸೆ ತಮಗೆ ಬೇಡ.

ಬಿಂದಿಗೆ ವಾಪಸು ಕಳಿಸಿದೆ. ಅಂಕಿ ಅಂಕಿಯೇ.

1 ಮಾರ್ಚ್, ಭಾನುವಾರ

ಮಧ್ಯಾಹ್ನ ಕವಿತೆ ಓದುತ್ತಿದ್ದಾಗ ವೀರವ್ವ ಬಂದಳು. ಹತ್ತೊಂಬತ್ತು ವರ್ಷ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ನನ್ನ ಮುಂದೆ ಎಂದೂ ಬಾಯಿ ಬಿಟ್ಟವಳಲ್ಲ.

“ಅಕ್ಕಾರ, ನನಗ ಆ ಹುಡುಗ ಬೇಕ್ರಿ.”

ಇಷ್ಟು ನೇರವಾದ ವಾಕ್ಯವನ್ನು ಅವಳು ಉತ್ತರಪತ್ರಿಕೆಯಲ್ಲಿ ಒಮ್ಮೆಯೂ ಬರೆದಿರಲಿಲ್ಲ. ರಟ್ಟೀಹಳ್ಳಿಯಲ್ಲಿ ಯಾರದೋ ಮದುವೆಯಲ್ಲಿ ಉಳಿವೆಪ್ಪನನ್ನು ನೋಡಿದಳಂತೆ. ಅವನು ತಮಾಷೆ ಹೇಳುವ ಮೊದಲೇ ತಾನು ನಕ್ಕುಬಿಡುತ್ತಾನಂತೆ, ಆಮೇಲೆ ಹೇಳಲು ಆಗುವುದೇ ಇಲ್ಲವಂತೆ. ಗಂಡನಾಗಲು ಇದೂ ಒಂದು ಅರ್ಹತೆ ಎಂದು ನನಗೆ ಗೊತ್ತಿರಲಿಲ್ಲ.

“ಮಷಿನ್ ಕೆಟ್ಟಿತ್ತು ಅಂತ ಒಂದು ಮಾತು ಹೇಳ್ರಿ. ಸಾಕು.”

“ಕೆಟ್ಟಿದ್ದಿಲ್ಲ.”

“ಗೊತ್ತೈತ್ರಿ. ಅದಕ್ಕ ಹೇಳ್ರಿ ಅನ್ನಾಕತ್ತೇನಿ.”

ಆಗುವುದಿಲ್ಲ ಎಂದೆ. ಇಟ್ಟ ಚಹಾ ಮುಟ್ಟದೆ ಎದ್ದು ಹೋದಳು. ಆಮೇಲೆ ಒಂದೇ ಪುಟವನ್ನು ಸಂಜೆಯವರೆಗೆ ಓದಿದೆ. ಬಿಸಿಲು ಹೆಚ್ಚಾಗಿದೆ.

5 ಮಾರ್ಚ್, ಗುರುವಾರ

ಕುಬೇರಪ್ಪನವರು ಹೊಳಬಸಪ್ಪನ ಕೈಯಲ್ಲಿ ಗುಟ್ಟಾಗಿ ಮತ್ತೊಂದು ತಂಬಿಗೆ ನೀರು ಕಳಿಸಿದ್ದಾರೆ. ಅದ್ದಿದೆ. ಹನ್ನೆರಡೂವರೆ! ಬಗ್ಗಿಸಿ ನೋಡಿದರೆ ತಳದಲ್ಲಿ ಎಲೆ ಅಡಿಕೆಯ ಸುಣ್ಣ, ಎರಡು ಬೆರಳು ದಪ್ಪ.

“ಫಸ್ಟ್ ಕ್ಲಾಸ್ ಬಂತು ನೋಡ್ರಿ!” ಎಂದು ಹೊಳಬಸಪ್ಪ ಕೈ ಮುಗಿದ.

ನೀರು ಚೆಲ್ಲಿಸಿದೆ. ಗುಳ್ಳೆ ಮುನಿಸಿಕೊಂಡು ದಿನವಿಡೀ ಸರಿಯಾಗಿ ಅಂಕಿ ತೋರಿಸಲಿಲ್ಲ.

12 ಮಾರ್ಚ್, ಗುರುವಾರ

ಜನರಿಗೆ ಸಿದ್ಧಾಂತ ಬೇಡ, ಪ್ರಯೋಗ ಬೇಕು. ಹಾಗೆಂದು ತೀರ್ಮಾನಿಸಿ, ದವಾಖಾನೆಯ ಅಂಗಳದಲ್ಲಿ ಎರಡು ಒಲೆ ಹೂಡಿಸಿದೆ. ಒಂದರ ಮೇಲೆ ಕೆಂಚಿಕೊಪ್ಪದ ನೀರು, ಇನ್ನೊಂದರ ಮೇಲೆ ಬನ್ನಿಹಾಳದ್ದು. ಎರಡಕ್ಕೂ ಒಂದೊಂದು ಪಾವು ತೊಗರಿಬೇಳೆ. ಕೆಟ್ಟ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂದು ಯಾರಿಗೆ ಗೊತ್ತಿಲ್ಲ? ಎರಡೂ ಊರಿನವರು ಬಂದು ಎದುರುಬದುರು ಕುಳಿತರು. ನಾನು ಚಿಕ್ಕದೊಂದು ಭಾಷಣವನ್ನೂ ಮಾಡಿದೆ.

ಬನ್ನಿಹಾಳದ ಬೇಳೆ ಅರ್ಧ ತಾಸಿನಲ್ಲಿ ಬೆಣ್ಣೆಯಾಯಿತು. ಕೆಂಚಿಕೊಪ್ಪದ್ದು ಇನ್ನೂ ಕಾಳು ಕಾಳಾಗಿ ಕುಣಿಯುತ್ತಿತ್ತು.

ಬೇಳೆ ಬೇಯಿಸದಿರುವುದು ಗಡಸು ನೀರು. ಬನ್ನಿಹಾಳದ್ದು ಸೋಡಾ ತುಂಬಿದ ನೀರು. ಇಪ್ಪತ್ತು ವರ್ಷದಿಂದ ಖಾನಾವಳಿಯಲ್ಲಿ ಉಣ್ಣುತ್ತಿರುವ ನನಗೆ ಅದು ಹೊಳೆಯಲಿಲ್ಲ. ಖಾನಾವಳಿಯ ಸಿದ್ದವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

“ಸೋಡಾ ಬಿದ್ರ ಬ್ಯಾಳಿ ಲಗೂ ಕುದಿತೈತಿ ಅಂತ ನನ್ನ ಮೊಮ್ಮಗಳಿಗೂ ಗೊತ್ತೈತ್ರಿ ಅಕ್ಕಾರ. ನೀವು ಎಲ್ಲಿತನಾ ಓದೀರಿ ಅಂದ್ರಿ?”

ಕರಬಸಪ್ಪನವರು ಬನ್ನಿಹಾಳದ ಬೇಳೆಯನ್ನು ಎಲ್ಲರಿಗೂ ಹಂಚಿಸಿದರು. ನನಗೂ ಕೊಟ್ಟರು. ರುಚಿಯಾಗಿಯೇ ಇತ್ತು.

13 ಮಾರ್ಚ್, ಶುಕ್ರವಾರ

ಬರೆಯುವಂಥದ್ದು ಏನೂ ಇಲ್ಲ.

18 ಮಾರ್ಚ್, ಬುಧವಾರ

ಧಾರವಾಡದಿಂದ ಕಾಗದ. ಏಪ್ರಿಲ್ ಹದಿನೈದಕ್ಕೆ ಹಾಜರಾಗಬೇಕಂತೆ. ಉಳಿದಿರುವುದು ಒಂಬತ್ತು ಬಾವಿ ಮಾತ್ರ. ಇಷ್ಟು ದಿನ ಕಾಯುತ್ತಿದ್ದ ಕಾಗದವನ್ನು ಮೇಜಿನ ಮೇಲಿಟ್ಟು ಒಂದು ನಕ್ಷೆ ಬರೆಯಲು ಕುಳಿತೆ. ಹುಳಿಗೆ ಕೆಂಪು, ಸವಳಿಗೆ ನೀಲಿ, ನಡುವೆ ಏಳಕ್ಕೆ ಹಸಿರು. ಬಣ್ಣ ತುಂಬಲು ಎರಡು ದಿನ ಬೇಕು. ಇದನ್ನು ಕರಬಸಪ್ಪನವರಿಗೆ ತೋರಿಸುವುದು ಸರ್ವೆ ಕೆಲಸದ ಭಾಗವೇ ಆಗುತ್ತದೆ.

20 ಮಾರ್ಚ್, ಶುಕ್ರವಾರ

ನಕ್ಷೆ ಹಿಡಿದು ಬನ್ನಿಹಾಳಕ್ಕೆ ಹೋದರೆ ಕರಬಸಪ್ಪನವರು ಕಂಬಳಿ ಹೊದ್ದು ಮಲಗಿದ್ದರು. ಹೊಳಬಸಪ್ಪ ದವಾಖಾನೆಯ ಮನುಷ್ಯ. ಜೇಬಿನಿಂದ ಥರ್ಮಾಮೀಟರು ತೆಗೆದು ಅವರ ಬಾಯಿಗಿಟ್ಟ. ತೆಗೆದವನೇ ಅಭ್ಯಾಸಬಲದಿಂದ ಕೂಗಿದ.

“ನೂರಾ ಎರಡೂ!”

ಓಣಿಯ ಜನ ಓಡಿ ಬಂದರು. ಕರಬಸಪ್ಪನವರು ಕಣ್ಣು ಬಿಟ್ಟರು.

“ಜ್ವರ ಜಾಸ್ತಿ ಐತೇನೋ?”

“ಜಾಸ್ತಿ ಅಂದ್ರ? ತೊಂಬತ್ತೆಂಟಕ್ಕ ಪಾಸ್ರಿ. ನಿಮಗ ನೂರಾ ಎರಡು ಬಂದಾವ. ಹಲಗಿ ಬಾರಿಸಾಕ ಹಚ್ಚಲ್ಯಾ?”

ಯಾರೂ ನಗಲಿಲ್ಲ. ಕರಬಸಪ್ಪನವರು ಕಂಬಳಿ ಸರಿಸಿ ಎದ್ದು ಕುಳಿತರು.

“ಅಂದ್ರ ನಮ್ಮ ಬಾವಿಗೆ ಜ್ವರ ಬಂದೈತಿ ಅಂತೀರೇನ್ರಿ ಅಕ್ಕಾರ?”

ಹೌದು ಎಂದೆ. ನಕ್ಷೆ ಬಿಚ್ಚುವ ಅಗತ್ಯ ಬೀಳಲಿಲ್ಲ. ಹೊಳಬಸಪ್ಪನ ಉಪಮೆ ವೈಜ್ಞಾನಿಕವಾಗಿ ಪೂರ್ತಿ ಸರಿಯಲ್ಲ. ದಾರಿಯುದ್ದಕ್ಕೂ ಅವನಿಗೆ ಅದನ್ನು ವಿವರಿಸಿದೆ. ಅವನು ಹೂಂ ಹೂಂ ಎನ್ನುತ್ತಾ ಪೆಟ್ಟಿಗೆ ಹೊತ್ತು ನಡೆದ.

25 ಮಾರ್ಚ್, ಬುಧವಾರ

ಸತ್ಯ ಗೆದ್ದಿತು ಎಂದುಕೊಂಡಿದ್ದೆ. ಕುಬೇರಪ್ಪನವರು ಇಂದು ಬಂದರು, ಕುರ್ಚಿಯ ತುಂಬ ಕುಳಿತರು.

“ಅಕ್ಕಾರ, ನಮ್ಮ ಬಾವಿಗೆ ಸರಿಯಾಗಿ ಏಳು ಅಂತ ಸಿಕ್ಕಾ ಹೊಡದು ಬರಕೊಡ್ರಿ. ಕಟ್ಟು ಹಾಕಿಸಿ ಪಡಸಾಲ್ಯಾಗ ಹಾಕ್ತೇನಿ.”

“ನಿಶ್ಚಯ ಯಾವಾಗ್ರಿ?”

“ಯಾವ ನಿಶ್ಚಯ? ಹೆಣ್ಣು ಕೊಡೂ ಮುಂದ ನೀರು ನೋಡಬೇಕು ಅಂತ ಹಿರೇರು ಸುಮ್ನ ಹೇಳ್ಯಾರೇನ್ರಿ? ಜ್ವರ ಬಂದ ಬಾವಿಗೆ ನನ್ನ ಮಗಳನ್ನ ಕೊಡಾಂಗಿಲ್ಲ. ನೀವ ಹೇಳೀರಿ, ಅದು ಕೆಟ್ಟ ನೀರು.”

ಹೇಳಿದ್ದೇನೆ. ಹೇಳಿದ್ದು ನಿಜ.

26 ಮಾರ್ಚ್, ಗುರುವಾರ

ವೀರವ್ವ. ಬಾಗಿಲಲ್ಲೇ ಶುರು ಮಾಡಿದಳು.

“ಮೊದಲ ನಾ ಅರ್ಧಾ ಮಾರ್ಕಿನಾಕಿ. ಈಗ ಅಂವ ಜ್ವರದಾಂವ. ನಿಮ್ಮ ಮಷಿನ್ ಇರೂತನಾ ನನಗ ಮದುವಿ ಇಲ್ಲ ಬಿಡ್ರಿ.”

“ಒಳಗ ಬಾ. ಚಹಾ ಮಾಡ್ತೇನಿ.”

“ನೀವು ಬ್ಯಾಡ್ರಿ. ಹ್ವಾದ ಸಲ ವಾಸನಿ ನೋಡೇನಿ.” ಸ್ಟೋವ್ ತಾನೇ ಹೊತ್ತಿಸಿದಳು. ಶುಂಠಿ ಎಲ್ಲಿದೆ ಎಂದು ಕೇಳಿದಳು. ನನ್ನ ಮನೆಯಲ್ಲಿ ಶುಂಠಿ ಇದೆ ಎಂದು ನಂಬುವ ಜನ ಇನ್ನೂ ಇದ್ದಾರೆ.

ಚಹಾ ಕುಡಿಯುತ್ತಾ ವಿಷಯಕ್ಕೆ ಬಂದಳು. ಬನ್ನಿಹಾಳದ ಕೆರೆಯ ಹಿಂದೆ ಹಳೆಯ ಬಾವಿ ಒಂದಿದೆಯಂತೆ. ಊರೊಳಗೆ ಹೊಸ ಬಾವಿ ಆದ ಮೇಲೆ ಅಷ್ಟು ದೂರ ಯಾರೂ ಹೋಗದೆ ಹೂಳು ತುಂಬಿದೆ. ಉಳಿವೆಪ್ಪನ ಅಜ್ಜಿ ಅಲ್ಲಿಂದಲೇ ನೀರು ತರುತ್ತಿದ್ದಳಂತೆ.

“ಅಲ್ಲೆ ಒಮ್ಮೆ ಗುಳ್ಳಿ ಅದ್ದಿ ನೋಡ್ರಿ. ಸುಳ್ಳು ಹೇಳ್ರಿ ಅನ್ನಂಗಿಲ್ಲ ಈಗ. ನೋಡ್ರಿ ಅಂತೇನಿ, ಅಷ್ಟ.”

ಪಟ್ಟಿಯಲ್ಲಿ ಇಲ್ಲದ ಬಾವಿ. ನಿಯಮದ ಪ್ರಕಾರ ಬರುವುದಿಲ್ಲ. ಶನಿವಾರ ಹೋಗುತ್ತೇನೆ.

28 ಮಾರ್ಚ್, ಶನಿವಾರ

ಉಳಿವೆಪ್ಪ ಹಗ್ಗ ಹಿಡಿದು ಇಳಿದ. ಮೇಲೆ ಜಾಲಿ, ಕೆಳಗೆ ಕೆಸರು. ಮೊಳದಷ್ಟು ಅಗೆದಾಗ ನೀರು ಒಸರಿತು. ಒಂದು ಗಿಂಡಿ ತುಂಬುವಷ್ಟು ಕಳಿಸಿದ. ಅದು ತಿಳಿಯಾಗುವವರೆಗೆ ಕಾದು, ಅದ್ದಿದೆ. ಏಳು ಪಾಯಿಂಟ್ ಆರು. ಎರಡು ಸಲ ನೋಡಿದೆ.

ಬಾವಿಯೊಳಗಿಂದ ಮೊದಲು ನಗು ಕೇಳಿತು. ಆಮೇಲೆ, “ಪಾಸೋ ನಪಾಸೋ ಹೇಳ್ರಿ ಅಕ್ಕಾರ, ಇಲ್ಲಾಂದ್ರ ಇಲ್ಲೇ ಇರ್ತೇನಿ!”

ನಗು ಬಂತು. ಹೊಳಬಸಪ್ಪ ನನ್ನನ್ನು ನೋಡಿ ಗಾಬರಿಯಾಗಿ ಕುಡಿಯಲು ನೀರು ಕೊಟ್ಟ.

ಆದರೆ ಕೆಸರಿನ ನೀರಿನ ಅಂಕಿ ನಂಬಲಾಗುವುದಿಲ್ಲ. ಹೂಳೆಲ್ಲ ತೆಗೆದು, ಹಳೆಯ ನೀರು ಬಸಿದು, ಹೊಸ ನೀರು ನಿಂತ ಮೇಲೆ ನೋಡಬೇಕು. ಒಂದು ತಿಂಗಳಾದರೂ ಬೇಕು. ಧಾರವಾಡಕ್ಕೆ ಬರೆದೆ: ಸರ್ವೆಗೆ ಒಂದು ಬಾವಿ ಹೆಚ್ಚಾಗಿದೆ, ಜೂನ್ ತಿಂಗಳಲ್ಲಿ ಹಾಜರಾಗುತ್ತೇನೆ.

11 ಏಪ್ರಿಲ್, ಶನಿವಾರ

ಧಾರವಾಡದ ಜಾಗ ಬೇರೆಯವರಿಗೆ ಹೋಯಿತೆಂದು ಕಾಗದ ಬಂದಿದೆ. ಬಾವಿಯಲ್ಲಿ ಆರು ಅಡಿ ಹೂಳು ತೆಗೆದಿದ್ದಾರೆ. ಒಂದು ಹಳೆಯ ತಾಮ್ರದ ಕೊಡ ಸಿಕ್ಕಿತು. ಅಜ್ಜಿಯದೇ ಇರಬೇಕೆಂದು ಉಳಿವೆಪ್ಪ ಹೇಳುತ್ತಾನೆ. ಇಡೀ ಊರಿನ ಹೆಂಗಸರು ತಮ್ಮ ತಮ್ಮ ಅಜ್ಜಿಯದೆಂದು ಹೇಳುತ್ತಾರೆ.

24 ಏಪ್ರಿಲ್, ಶುಕ್ರವಾರ

ಕರಬಸಪ್ಪನವರು ಬಾವಿಯ ಕಡೆ ಸುಳಿದಿಲ್ಲ. ಜ್ವರ ಬಂದ ಬಾವಿ ಅವರ ತಂದೆ ತೋಡಿಸಿದ್ದು. ಇಂದು ನಾನೇ ಅವರ ಕಟ್ಟೆಗೆ ಹೋಗಿ ಕುಳಿತೆ. ಆಮ್ಲ, ಕ್ಷಾರ ಏನೂ ಮಾತಾಡಲಿಲ್ಲ. ಆ ಬಾವಿ ತೋಡುವಾಗ ಎಷ್ಟು ಜನ ದುಡಿದರು, ಬಂಡೆ ಹೇಗೆ ಒಡೆದರು ಎಂದು ಕೇಳಿದೆ. ಸಂಜೆಯವರೆಗೆ ಹೇಳಿದರು. ಏಳುವಾಗ, “ದನಕ್ಕ ನಡೀತೈತೇನ್ರಿ ಆ ನೀರು?” ಎಂದರು. ದನಕ್ಕೆ ನಡೆಯುತ್ತದೆ, ಬಟ್ಟೆ ಪಾತ್ರೆಗೆ ಧಾರಾಳವಾಗಿ ಆಗುತ್ತದೆ, ಬೇಳೆಗಂತೂ ಅದರಂಥ ನೀರಿಲ್ಲ ಎಂದೆ. ಬಹಳ ದಿನಗಳ ಮೇಲೆ ನಕ್ಕರು.

ನಾಳೆಯಿಂದ ಅಗೆಯುವವರಿಗೆ ಮಜ್ಜಿಗೆ ಅವರ ಮನೆಯಿಂದ.

9 ಮೇ, ಶನಿವಾರ

ಹೊಸ ನೀರು ನಿಂತಿದೆ. ಇಂದು ಅಳೆಯುವ ದಿನ ಎಂದು ಎರಡೂ ಊರು ಬಂದಿದ್ದವು. ಕುಬೇರಪ್ಪನವರು ಮಗಳನ್ನು ಕರೆತಂದಿದ್ದರು, ಬರುವುದಿಲ್ಲ ಎಂದಿದ್ದವರು. ಬಾವಿಯ ಒಂದು ಬದಿಗೆ ಅವರು, ಇನ್ನೊಂದು ಬದಿಗೆ ಕರಬಸಪ್ಪನವರು. ವೀರವ್ವ ನನ್ನ ಪಕ್ಕದಲ್ಲಿ ನಿಂತು ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಅದು ಅವಳಿಗೇ ಗೊತ್ತಿರಲಿಲ್ಲ.

ಅದ್ದಿದೆ. ಮುಳ್ಳು ಏರಿತು, ಇಳಿಯಿತು, ನಿಂತಿತು. ಹೊಳಬಸಪ್ಪ ಕೂಗಲು ಎದೆ ತುಂಬ ಉಸಿರು ಎಳೆದುಕೊಂಡ. ನಾನು ಅವನ ಬಾಯಿಗೆ ಕೈ ಅಡ್ಡ ಹಿಡಿದೆ. ಯಾಕೆ ಹಾಗೆ ಮಾಡಿದೆನೋ. ಅಂಕಿ ಒಳ್ಳೆಯದೇ ಇತ್ತು. ಆದರೆ ಅವನು ಕೂಗಿದರೆ ಅದಕ್ಕೂ ಇದಕ್ಕೂ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಮತ್ತೆ ಶುರುವಾಗುತ್ತಿತ್ತು.

“ಎಷ್ಟು ಬಂತ್ರಿ?” ಕುಬೇರಪ್ಪನವರು ಕುತ್ತಿಗೆ ಚಾಚಿದರು.

ಸೇದಿದ ಕೊಡದಿಂದ ತಂಬಿಗೆಗೆ ನೀರು ತುಂಬಿ, ಮೊದಲು ನಾನು ಕುಡಿದೆ. ಆಮೇಲೆ ಅವರಿಗೆ ಕೊಟ್ಟೆ.

“ಕುಡದು ನೀವ ಹೇಳ್ರಿ.”

ಅವರು ಬಾಯಿಯಲ್ಲಿ ನೀರು ತಿರುಗಿಸಿದರು. ನುಂಗಿದರು. ಇನ್ನೊಂದು ಗುಟುಕು. ಎರಡೂ ಊರು ಅವರ ಗಂಟಲನ್ನೇ ನೋಡುತ್ತಿದ್ದವು.

“ಏನ್ರಿ ಬೀಗರ, ಪಾಸೋ ನಪಾಸೋ?” ಕರಬಸಪ್ಪನವರಿಗೆ ತಡೆಯಲಾಗಲಿಲ್ಲ. ಬೀಗರ ಎಂದುಬಿಟ್ಟಿದ್ದರು.

“ತಡೀರಿ, ಬಾಯಾಗ ನೀರೈತಿ,” ಎಂದರು ಕುಬೇರಪ್ಪನವರು. ತಂಬಿಗೆ ಖಾಲಿ ಮಾಡಿದರು. ಧೋತರದ ಚುಂಗಿನಿಂದ ಮೀಸೆ ಒರೆಸಿಕೊಂಡು, “ಊರಿಂದ ದೂರ ಆತು. ನನ್ನ ಮಗಳು ಇಲ್ಲಿತನಾ ಕೊಡ ಹೊರಬೇಕು” ಎಂದರು.

ಬಾವಿಯ ಆಚೆಯಿಂದ ಉಳಿವೆಪ್ಪ, “ನಾ ಹೊರತೇನ್ರಿ” ಎಂದ. ಈ ಸಲ ನಗಲಿಲ್ಲ. ಉಳಿದವರೆಲ್ಲ ನಕ್ಕರು. ನಿಶ್ಚಯ ಬರುವ ಗುರುವಾರ, ಬನ್ನಿಹಾಳದಲ್ಲೇ.

ಈಗ ರಜಿಸ್ಟರ್ ತೆಗೆದು ಕುಳಿತಿದ್ದೇನೆ. ನಲವತ್ತೊಂದನೆಯ ಬಾವಿ, ಬನ್ನಿಹಾಳ, ಕೆರೆಯ ಹಿಂದೆ. ಮುಂದಿನ ಮನೆ ಖಾಲಿ ಇದೆ. ಏಳು ಪಾಯಿಂಟ್ ಐದೋ, ಏಳು ಪಾಯಿಂಟ್ ಏಳೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಹೊಳಬಸಪ್ಪನನ್ನು ಕೇಳಿದರೆ, “ನೀವ ಬಾಯಿ ಮುಚ್ಚಿದ್ರಲ್ರಿ, ಅಲ್ಲೇ ಮರತುಬಿಟ್ಟೆ” ಎನ್ನುತ್ತಾನೆ.

ಗುರುವಾರ ಇನ್ನೊಮ್ಮೆ ಅದ್ದಿ ನೋಡಿ ಬರೆದರಾಯಿತು. ಹೋಳಿಗೆಗೆ ಹೇಗೂ ಹೋಗಲೇಬೇಕು.